ಚಿರೋಟಿ ಪದರ ಬಿಡಬೇಕಾದರೆ ಮೊದಲು ಸಾಟಿ ತೇಲಬೇಕು

ಹೋದ ವಾರ ಸೋಮವಾರಪೇಟೆಯಲ್ಲಿ ನೆಂಟರ ಮನೆಯ ಸೀಮಂತಕ್ಕೆ ಹೋಗಿದ್ದೆ. ಎಲೆಗೆ ಚಿರೋಟಿ ಬಡಿಸಿದರು. ನೋಡಲು ಚಿರೋಟಿ, ಮುರಿದರೆ ನಿಪ್ಪಟ್ಟು. ಒಂದು ಪದರವೂ ಬಿಟ್ಟಿರಲಿಲ್ಲ. ಬಾದಾಮಿ ಹಾಲು ಸುರಿದು ಎಷ್ಟು ಹೊತ್ತು ಕಾದರೂ ನಡುಭಾಗ ಗಟ್ಟಿಯಾಗೇ ಇತ್ತು. ಮಾಡಿದವಳು ನನ್ನ ತಂಗಿಯ ಸೊಸೆ. ಒಳ್ಳೆಯ ಹುಡುಗಿ, ಕೈಯೂ ಚುರುಕು. "ದೊಡ್ಡತ್ತೆ, ಅಳತೆಯೆಲ್ಲ ಸರಿಯಾಗೇ ಹಾಕಿದ್ದೆ" ಎಂದಳು. ಸಾಟಿ, ಅಂದರೆ ಹಾಳೆಗಳ ನಡುವೆ ಸವರುವ ತುಪ್ಪ, ಅಕ್ಕಿ ಹಿಟ್ಟಿನ ಮಿಶ್ರಣ, ಹೇಗೆ ಮಾಡಿದೆ ಎಂದು ಕೇಳಿದೆ. ತುಪ್ಪ ಕಾಯಿಸಿ, ಅಕ್ಕಿ ಹಿಟ್ಟು ಕಲಸಿ, ಚಮಚದಲ್ಲಿ ಸುರಿದೆ ಎಂದಳು. ಸುರಿದಳಂತೆ! ಸಾಟಿಯನ್ನು ಯಾರಾದರೂ ಸುರಿಯುತ್ತಾರಾ? ಅಲ್ಲೇ ಬೈಯಬೇಕು ಅನ್ನಿಸಿತು. ಶುಭ ಕಾರ್ಯ, ಸುಮ್ಮನಿದ್ದೆ. ಮನೆಗೆ ಬಂದ ಮೇಲೂ ಮನಸ್ಸು ತಡೆಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಅವಳೊಬ್ಬಳ ತಪ್ಪಲ್ಲ. ಈಗಿನವರಲ್ಲಿ ಹತ್ತಕ್ಕೆ ಎಂಟು ಜನ ಹೀಗೇ ಮಾಡುತ್ತಾರೆ. ಕಣಕಕ್ಕೆ ಎಷ್ಟು ಬಟ್ಟಲು ಮೈದಾ, ಎಷ್ಟು ಚಮಚ ಎಣ್ಣೆ ಎಂದು ಗ್ರಾಂ ಲೆಕ್ಕ ಕೇಳುತ್ತಾರೆ. ಸಾಟಿಯ ಬಗ್ಗೆ ಯಾರೂ ಕೇಳುವುದಿಲ್ಲ. ಚಿರೋಟಿ ಅಂದರೇನೇ ಪದರ, ಅಲ್ವಾ? ಹಾಳೆ ಹಾಳೆಯ ನಡುವೆ ಜಿಡ್ಡು ನಿಂತಿರಬೇಕು. ಬಿಸಿ ಎಣ್ಣೆಗೆ ಬಿದ್ದಾಗ ಕಣಕದೊಳಗಿನ ನೀರು ಆವಿಯಾಗಿ ಮೇಲೆ ಏಳುತ್ತದೆ. ನಡುವೆ ಜಿಡ್ಡು ಇದ್ದರೆ ಹಾಳೆಗಳು ಒಂದಕ್ಕೊಂದು ಅಂಟದೆ ಬಿಡಿಸಿಕೊಳ್ಳುತ್ತವೆ. ಕರಗಿದ ತುಪ್ಪ ಸುರಿದರೆ ಅದು ನಡುವೆ ನಿಲ್ಲುವುದೇ ಇಲ್ಲ. ಕಣಕವೇ ಕುಡಿದುಬಿಡುತ್ತದೆ. ಆಮೇಲೆ ಐದು ಹಾಳೆ ಜೋಡಿಸಿದರೂ ಒಂದೇ, ಹತ್ತು ಜೋಡಿಸಿದರೂ ಒಂದೇ.

ಕಣಕದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅದು ನಿಮಗೆ ಗೊತ್ತಿರುವುದೇ. ಚಿರೋಟಿ ರವೆ ಅರ್ಧ, ಮೈದಾ ಅರ್ಧ. ಬರೀ ಮೈದಾ ಹಾಕಿದರೆ ಲಟ್ಟಿಸಲು ಸುಲಭ, ಆದರೆ ಮಾರನೇ ದಿನಕ್ಕೆ ನಾರು. ಬರೀ ರವೆಯಾದರೆ ಗರಿಗರಿ, ಆದರೆ ಹೊಸಬರ ಕೈಗೆ ಹರಿಯುತ್ತದೆ. ಚಿಟಿಕೆ ಉಪ್ಪು ಹಾಕಿ. ಬಿಸಿ ತುಪ್ಪ ಸ್ವಲ್ಪ ಹಾಕಿ ಉಜ್ಜಿ. ಹಿಟ್ಟು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಒತ್ತಿದರೆ ಒಡೆಯಬೇಕು. ನೀರು ಚಿಮುಕಿಸುತ್ತಾ ಚಪಾತಿಗಿಂತ ಗಟ್ಟಿ, ಪೂರಿಗಿಂತ ಒಂದು ಚೂರು ಮೆತ್ತಗೆ ಕಲಸಿ. ಒದ್ದೆ ಬಟ್ಟೆ ಮುಚ್ಚಿ ಎರಡು ಗಂಟೆ ಬಿಡಿ. ರವೆ ನೀರು ಕುಡಿಯಲು ಅಷ್ಟು ಹೊತ್ತು ಬೇಕೇ ಬೇಕು. ಆಮೇಲೆ ಒರಳುಕಲ್ಲಿನ ಮೇಲಿಟ್ಟು ಗುಂಡಿನಿಂದ ಜಜ್ಜಿ. ಒರಳು ಇಲ್ಲದಿದ್ದರೆ ಅಡುಗೆ ಕಟ್ಟೆಯ ಮೇಲೆ ಲಟ್ಟಣಿಗೆಯಲ್ಲೇ ಹೊಡೆಯಿರಿ. ಕಣಕ ಕಿವಿಯ ಹಾಲೆಯ ಹಾಗೆ ಮೃದುವಾದರೆ ಸಾಕು.

ಈಗ ಸಾಟಿ. ಇಲ್ಲಿ ಮಾತ್ರ ನನ್ನ ಮಾತನ್ನು ಒಂದಕ್ಷರ ಬಿಡದೆ ಕೇಳಿ.

ತುಪ್ಪ ಗಟ್ಟಿಯಾಗಿರಬೇಕು. ಕರಗಿಸಬೇಡಿ. ಒಲೆಯ ಹತ್ತಿರವೂ ಇಡಬೇಡಿ. ಅಗಲ ಬಾಯಿಯ ಸ್ಟೀಲ್ ತಟ್ಟೆಗೆ ಒಂದು ಹಿಡಿ ತುಪ್ಪ ಹಾಕಿ. ಅಂಗೈ ಬುಡದಿಂದ, ಬೆರಳಿನಿಂದಲ್ಲ, ಒಂದೇ ದಿಕ್ಕಿಗೆ ಉಜ್ಜಲು ಶುರು ಮಾಡಿ. ಮನೆಯ ತುಪ್ಪ ಮರಳು ಮರಳಾಗಿರುತ್ತದೆ. ಮೊದಲು ಆ ಮರಳು ಕೈಗೆ ಸಿಗುತ್ತದೆ. ಉಜ್ಜುತ್ತಾ ಹೋದ ಹಾಗೆ ಕರಗದೆಯೇ ನುಣ್ಣಗಾಗುತ್ತದೆ. ಹಳದಿ ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಆಗಷ್ಟೇ ತೆಗೆದ ಬೆಣ್ಣೆಯ ಹಾಗೆ ಉಬ್ಬುತ್ತದೆ. ಅಂಗೈ ಬಿಸಿಯಾಯಿತು ಅನ್ನಿಸಿದರೆ, ಆಗೇ ಆಗುತ್ತದೆ, ತಣ್ಣೀರಲ್ಲಿ ಅದ್ದಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಮತ್ತೆ ಉಜ್ಜಿ. ಒಂದು ಹನಿ ನೀರೂ ತಟ್ಟೆಗೆ ಬೀಳಬಾರದು. ಬಿದ್ದರೆ ಕರಿಯುವಾಗ ಎಣ್ಣೆ ಸಿಡಿಯುತ್ತದೆ.

ಬೆಳ್ಳಗಾದ ಮೇಲೆ ಅಕ್ಕಿ ಹಿಟ್ಟು. ಅಂಗಡಿಯ ನುಣ್ಣನೆ ಹಿಟ್ಟನ್ನೂ ತೆಳು ಪಂಚೆ ಬಟ್ಟೆಯಲ್ಲಿ ಮತ್ತೊಮ್ಮೆ ಜರಡಿ ಹಿಡಿಯಿರಿ. ನಮ್ಮ ಕೊಡಗಿನ ಮನೆಗಳಲ್ಲಿ ಕಡಂಬುಟ್ಟಿಗೆ ಅಂತ ಅಕ್ಕಿ ತರಿ ಯಾವಾಗಲೂ ಇರುತ್ತದೆ. ಅದನ್ನೇ ಮಿಕ್ಸಿಯಲ್ಲಿ ತಿರುಗಿಸಿ ಹಾಕುವವರನ್ನು ನೋಡಿದ್ದೇನೆ. ಬೇಡ. ಕಣ್ಣಿಗೆ ಕಾಣದ ತರಿ ಕೂಡ ಲಟ್ಟಿಸುವಾಗ ಹಾಳೆಯನ್ನು ಹರಿಯುತ್ತದೆ. ಹಿಟ್ಟನ್ನು ಚೂರು ಚೂರೇ ಉದುರಿಸಿ, ಉಜ್ಜುವುದನ್ನು ನಿಲ್ಲಿಸಬೇಡಿ. ಒಟ್ಟಿಗೆ ಸುರಿದರೆ ಗಂಟಾಗಿ, ಉಬ್ಬಿದ ತುಪ್ಪ ಕುಸಿಯುತ್ತದೆ. ಎಷ್ಟು ಹಿಟ್ಟು ಎಂದು ಕೇಳಬೇಡಿ. ತುಪ್ಪ ಎಷ್ಟು ಹಿಡಿಯುತ್ತದೋ ಅಷ್ಟು. ಬೆರಳಿನಲ್ಲಿ ಎತ್ತಿದರೆ ತುದಿ ಮಡಚಿ ನಿಲ್ಲಬೇಕು, ತೊಟ್ಟಿಕ್ಕಬಾರದು.

ಈಗ ಪರೀಕ್ಷೆ. ಒಂದು ಲೋಟ ತಣ್ಣೀರು ತನ್ನಿ. ಕಡಲೆಕಾಳಿನಷ್ಟು ಸಾಟಿ ಅದರೊಳಗೆ ಬಿಡಿ. ಮುಳುಗಿದರೆ ಇನ್ನೂ ಉಜ್ಜಬೇಕು. ಅಕ್ಕಿ ಹಿಟ್ಟು ಭಾರ, ಅದು ಕೆಳಗೆ ಎಳೆಯುತ್ತದೆ. ಉಜ್ಜಿ ಉಜ್ಜಿ ಸಾಕಷ್ಟು ಗಾಳಿ ಸೇರಿದ ಮೇಲೆ ಸಾಟಿ ಹಗುರಾಗಿ ಹೂವಿನ ಹಾಗೆ ತೇಲುತ್ತದೆ. ಒಂದು ಸಲವಲ್ಲ, ಮೂರು ಸಲ ಬೇರೆ ಬೇರೆ ಕಡೆಯಿಂದ ತೆಗೆದು ಬಿಟ್ಟು ನೋಡಿ. ತಟ್ಟೆಯ ಅಂಚಿನದು ತೇಲಿ ನಡುವಿನದು ಮುಳುಗುವುದುಂಟು. ಮೂರೂ ತೇಲಿದರೆ ಮಾತ್ರ ಲಟ್ಟಣಿಗೆ ಮುಟ್ಟಿ.

ಇದನ್ನು ನನಗೆ ಕಲಿಸಿದವರು ಅಮ್ಮನೂ ಅಲ್ಲ, ಅತ್ತೆಯೂ ಅಲ್ಲ. ನಾನು ಮದುವೆಯಾಗಿ ಶನಿವಾರಸಂತೆಯ ಹತ್ತಿರದ ಹಳ್ಳಿಗೆ ಬಂದದ್ದು 1976ರಲ್ಲಿ. ಮಾರನೇ ವರ್ಷ ನಾದಿನಿಯ ಮದುವೆ. ಆಗ ಮದುವೆ ಮನೆಯಲ್ಲೇ ನಡೆಯುತ್ತಿತ್ತು. ಹಾಸನದ ಕಡೆಯಿಂದ ಅಡುಗೆಯವರು ಬಂದಿದ್ದರು. ಕಾಫಿ ಒಣಗಿಸುವ ಕಣದಲ್ಲಿ ಚಪ್ಪರ, ಅದರ ಬದಿಯಲ್ಲಿ ಕೋಡಿ ಒಲೆ. ರಾತ್ರಿಯೆಲ್ಲ ಚಿರೋಟಿ ಕರಿದರು. ಮನೆಯವರೆಲ್ಲ ಮಲಗಿದ ಮೇಲೆ ನಾನು ಹೋಗಿ ಕೂತೆ. ಅವರಲ್ಲಿ ವಯಸ್ಸಾದ ಒಬ್ಬರು ಲಟ್ಟಿಸುತ್ತಲೂ ಇರಲಿಲ್ಲ, ಕರಿಯುತ್ತಲೂ ಇರಲಿಲ್ಲ. ಮಣೆಯ ಮೇಲೆ ಕೂತು ದೊಡ್ಡ ಹರಿವಾಣದಲ್ಲಿ ಸಾಟಿ ಉಜ್ಜುವುದೊಂದೇ ಅವರ ಕೆಲಸ. ಪಕ್ಕದಲ್ಲಿ ಒಂದು ಚೊಂಬು ನೀರು. ಅದು ಕುಡಿಯಲು ಎಂದುಕೊಂಡಿದ್ದೆ. "ಯಾಕೆ ಇಷ್ಟು ಹೊತ್ತು ಉಜ್ಜುತ್ತೀರಿ" ಎಂದು ಕೇಳಿದೆ. ಒಂದು ಚೂರು ತೆಗೆದು ಚೊಂಬಿಗೆ ಬಿಟ್ಟರು. ಮುಳುಗಿತು. "ಇನ್ನೂ ಆಗಿಲ್ಲ ತಾಯಿ" ಎಂದು ಮತ್ತೆ ಉಜ್ಜತೊಡಗಿದರು. ಬಹಳ ಹೊತ್ತಿನ ಮೇಲೆ ಇನ್ನೊಂದು ಚೂರು ಬಿಟ್ಟರು. ಅದು ತೇಲಿತು. ಆಗ ಅವರು ಕೈ ತೊಳೆದುಕೊಂಡರು. ಆ ಮದುವೆಯ ಚಿರೋಟಿಯನ್ನು ನಮ್ಮ ಊರಿನವರು ವರ್ಷಗಟ್ಟಲೆ ನೆನೆಸಿಕೊಂಡರು. ನನಗೆ ಈಗಲೂ ಕಣ್ಣ ಮುಂದೆ ಬರುವುದು ಆ ಚೊಂಬು.

ಮದುವೆ ಅಡುಗೆಯವರು ಡಾಲ್ಡಾದಲ್ಲೂ ಸಾಟಿ ಮಾಡುತ್ತಾರೆ. ಅದು ಬೇಗ ಉಬ್ಬುತ್ತದೆ, ಕೈ ಬಿಸಿಗೆ ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಪದರವೂ ಚೆನ್ನಾಗಿ ಬಿಡುತ್ತದೆ. ಆದರೆ ತಿಂದ ಮೇಲೆ ಅಂಗುಳಿಗೆ ಮೇಣ ಹಚ್ಚಿದ ಹಾಗೆ ಅಂಟುತ್ತದೆ. ಮನೆಯಲ್ಲಿ ಇಪ್ಪತ್ತು ಚಿರೋಟಿ ಮಾಡುವುದಕ್ಕೆ ಅದು ಯಾಕೆ? ತುಪ್ಪದಲ್ಲೇ ಮಾಡಿ.

ನಮ್ಮ ಊರಿನ ಹವೆಯನ್ನೂ ನೋಡಿಕೊಳ್ಳಬೇಕು. ಬೆಂಗಳೂರಿನವರು ಹೇಳಿದ ಲೆಕ್ಕ ಮಡಿಕೇರಿಯಲ್ಲಿ ನಡೆಯುವುದಿಲ್ಲ. ಮದ್ದು ಸೊಪ್ಪಿನ ಪಾಯಸ ಮಾಡುವ ಆಗಸ್ಟ್ 3ರ ಆಸುಪಾಸು ಡಬ್ಬದೊಳಗಿನ ಹಿಟ್ಟಿಗೂ ತೇವ ಹತ್ತಿರುತ್ತದೆ. ಆಗ ಕಣಕಕ್ಕೆ ನೀರು ಕಡಿಮೆ ಸಾಕು. ಹಿಟ್ಟನ್ನು ಬಾಣಲೆಯಲ್ಲಿ ಬಣ್ಣ ತಿರುಗದ ಹಾಗೆ ಬೆಚ್ಚಗೆ ಮಾಡಿ, ಪೂರ್ತಿ ಆರಿಸಿ ಬಳಸಿದರೆ ಇನ್ನೂ ಒಳ್ಳೆಯದು. ಹುತ್ತರಿಯ ಹೊತ್ತಿಗೆ ಚಳಿ. ತುಪ್ಪ ಕಲ್ಲಾಗಿರುತ್ತದೆ. ಆಗ ಡಬ್ಬವನ್ನು ಬಿಸಿನೀರಲ್ಲಿ ಇಡುವ ಸೋಮಾರಿತನ ಬೇಡ. ಚಮಚದಲ್ಲಿ ಹೆರೆದು ತಟ್ಟೆಗೆ ಹಾಕಿ, ಅಂಗೈ ಬಿಸಿಯೇ ಸಾಕು. ಏಪ್ರಿಲ್‌ನಲ್ಲಿ ಇದಕ್ಕೆ ತಿರುಗಾಮುರುಗಾ. ತಟ್ಟೆಯನ್ನು ತಣ್ಣೀರಿನ ಬೋಗುಣಿಯ ಮೇಲೆ ಕೂರಿಸಿಕೊಂಡು ಉಜ್ಜಿ. ಯಾವ ತಿಂಗಳಾದರೂ ಕಣಕ ಎಷ್ಟು ಮೆತ್ತಗಿದೆಯೋ ಸಾಟಿಯೂ ಹೆಚ್ಚುಕಡಿಮೆ ಅಷ್ಟೇ ಮೆತ್ತಗಿರಬೇಕು. ಸಾಟಿ ಗಟ್ಟಿಯಾದರೆ ಹಾಳೆ ಹರಿದು ಹೊರಗೆ ಬರುತ್ತದೆ. ನೀರಾದರೆ ಬದಿಯಿಂದ ಜಾರುತ್ತದೆ.

ಆಮೇಲಿನದು ಕೈಚಳಕ. ಉಂಡೆ ಮಾಡಿ, ಆಚೆ ಬದಿಯ ಕೈ ಕಾಣುವಷ್ಟು ತೆಳ್ಳಗೆ ಲಟ್ಟಿಸಿ. ಒಂದು ಹಾಳೆ, ಅದರ ಮೇಲೆ ಸಾಟಿ, ಮತ್ತೊಂದು ಹಾಳೆ, ಮತ್ತೆ ಸಾಟಿ. ಹೀಗೆ ಐದು. ಸಾಟಿಯನ್ನು ಅಂಚಿನವರೆಗೂ ಸವರಿ. ಎಲ್ಲರೂ ನಡುವೆ ಬಳಿದು ಅಂಚು ಬಿಡುತ್ತಾರೆ, ಆ ಅಂಚೇ ಅಂಟಿಕೊಳ್ಳುವುದು. ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಒಳಗೆ ಗಾಳಿ ಉಳಿಯಬಾರದು. ಸಾಟಿಗೆ ಗಾಳಿ ಬೇಕು, ಸುರುಳಿಗೆ ಬೇಡ. ಇದನ್ನು ಅದಲುಬದಲು ಮಾಡಬೇಡಿ. ಒದ್ದೆ ಬಟ್ಟೆ ಮುಚ್ಚಿ ಕಾಲು ಗಂಟೆ ಬಿಟ್ಟು, ಹರಿತವಾದ ಚಾಕುವಿನಲ್ಲಿ ಹೆಬ್ಬೆರಳ ಗೆಣ್ಣಿನಷ್ಟು ದಪ್ಪಕ್ಕೆ ಕತ್ತರಿಸಿ. ಮೊಂಡು ಚಾಕು ಪದರಗಳನ್ನು ಜಜ್ಜುತ್ತದೆ. ಕತ್ತರಿಸಿದ ಮುಖ ಮೇಲೆ ಬರುವ ಹಾಗೆ ಇಟ್ಟು ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಆಗಲೇ ಚಕ್ರ ಚಕ್ರವಾಗಿ ಪದರ ಕಾಣುವುದು. ನಡುವಿನಿಂದ ಹೊರಕ್ಕೆ ಹಗುರಾಗಿ ಲಟ್ಟಿಸಿ, ಎರಡು ಮೂರು ಸಲ ಮಾತ್ರ. ಹಪ್ಪಳ ಲಟ್ಟಿಸಿದ ಹಾಗೆ ಭಾರ ಹಾಕಿದರೆ ಇಷ್ಟು ಹೊತ್ತು ಪಟ್ಟ ಪಾಡೆಲ್ಲ ವ್ಯರ್ಥ. ಉದುರು ಹಿಟ್ಟು ಬೇಡವೇ ಬೇಡ. ಅದು ಎಣ್ಣೆಯ ತಳದಲ್ಲಿ ಸೀದು ಮಿಕ್ಕ ಚಿರೋಟಿಗೂ ಕರಿ ಅಂಟಿಸುತ್ತದೆ.

ಕರಿಯಲು ಬಾಣಲೆ ಅಗಲ ಇರಲಿ, ಎಣ್ಣೆ ಧಾರಾಳ ಇರಲಿ. ಕಣಕದ ಚೂರು ಹಾಕಿದರೆ ತಳ ಮುಟ್ಟಿ ನಿಧಾನಕ್ಕೆ ಮೇಲೆ ಬರಬೇಕು. ಹಾಕಿದ ಕೂಡಲೇ ಎದ್ದರೆ ಎಣ್ಣೆ ಜಾಸ್ತಿ ಕಾದಿದೆ, ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಮೇಲೆ ಏಳದೆ ಅಲ್ಲೇ ಕೂತರೆ ಎಣ್ಣೆ ಕುಡಿಯುತ್ತದೆ. ಒಂದು ಸಲಕ್ಕೆ ಒಂದೋ ಎರಡೋ ಸಾಕು. ಮಗುಚುವ ಮೊದಲು ಸೌಟಿನಿಂದ ಬಿಸಿ ಎಣ್ಣೆಯನ್ನು ಅದರ ತಲೆಯ ಮೇಲೆ ಸುರಿಯುತ್ತಾ ಇರಿ. ನಡುವಿನಿಂದ ಒಂದೊಂದೇ ಸುತ್ತು ಬಿಚ್ಚಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಪೂರ್ತಿ ಬಿಚ್ಚಿದ ಮೇಲೆ ಒಂದೇ ಸಲ ಮಗುಚಿ. ಬಣ್ಣ ಕೆಂಪಗಾಗಬಾರದು, ಬಿಳಿ ಬಿಟ್ಟು ದಂತದ ಬಣ್ಣಕ್ಕೆ ಬಂದರೆ ಸಾಕು. ಗುಳ್ಳೆ ಏಳುವುದು ನಿಂತಾಗ ತೆಗೆಯಿರಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದು ಒಲೆಯ ಮೇಲಿನ ಹಗ್ಗದಲ್ಲೇ. ಕರಿಯಲು ಕೂರುವ ಮೊದಲು ಅವನ್ನೆಲ್ಲ ಬೇರೆ ಕೋಣೆಗೆ ಹಾಕಿ. ಒದ್ದೆ ಬಟ್ಟೆ ಎಣ್ಣೆಯ ಹೊಗೆಯನ್ನು ಬಹಳ ಬೇಗ ಹೀರುತ್ತದೆ. ಆಮೇಲೆ ಎಷ್ಟು ಸೋಪು ಹಾಕಿದರೂ ವಾಸನೆ ಹೋಗದು. ಮಕ್ಕಳ ಶಾಲೆಯ ಯೂನಿಫಾರ್ಮ್ ಇದ್ದರಂತೂ ಕೇಳಲೇಬೇಡಿ. ಸ್ವಲ್ಪ ತೇವ ಉಳಿದಿದ್ದರೆ ಇಸ್ತ್ರಿ ಪೆಟ್ಟಿಗೆ ಓಡಿಸಿ, ಆದರೆ ಚಿರೋಟಿ ಮಾಡುವ ದಿನ ಅಡುಗೆಮನೆಯ ಹಗ್ಗ ಖಾಲಿ ಇರಲಿ.

ಕರಿದದ್ದನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಮಲಗಿಸಬೇಡಿ. ತೂತಿನ ಪಾತ್ರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಪುಸ್ತಕ ಜೋಡಿಸಿದ ಹಾಗೆ. ಪದರಗಳ ನಡುವಿನ ಎಣ್ಣೆ ತಾನೇ ಇಳಿಯುತ್ತದೆ. ಮಲಗಿಸಿದರೆ ಕೆಳಗಿನದು ಮೇಲಿನದರ ಎಣ್ಣೆಯನ್ನೂ ಕುಡಿದು ಕೂರುತ್ತದೆ. ಸುಡುಬಿಸಿ ಇರುವಾಗ ಸಕ್ಕರೆ ಪುಡಿ ಹಾಕಿದರೆ ಕರಗಿ ಅಂಟಾಗುತ್ತದೆ. ಪೂರ್ತಿ ಆರಿದ ಮೇಲೆ ಹಾಕಿದರೆ ಉದುರಿಹೋಗುತ್ತದೆ. ಉಗುರುಬೆಚ್ಚಗೆ ಇರುವಾಗ, ಏಲಕ್ಕಿ ಸೇರಿಸಿ ಪುಡಿ ಮಾಡಿದ ಸಕ್ಕರೆ ಉದುರಿಸಿ. ಏಲಕ್ಕಿ ನಮ್ಮ ತೋಟದ್ದೇ ಇರುವಾಗ ಪ್ಯಾಕೆಟ್ಟಿನ ಪುಡಿ ತರುವವರಿಗೆ ಏನು ಹೇಳಲಿ!

ಇಟ್ಟುಕೊಳ್ಳುವುದಾದರೆ ಸಕ್ಕರೆ ಹಾಕದೆ ಇಡಿ. ನಮ್ಮ ಮಳೆಗೆ ಸಕ್ಕರೆ ನೀರು ಬಿಡುತ್ತದೆ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಹಾಕಿದರೆ ಒಂದು ವಾರ ಗರಿ ಹೋಗುವುದಿಲ್ಲ. ಬಾದಾಮಿ ಹಾಲನ್ನು ಎಲೆಗೆ ಬಂದ ಮೇಲೇ ಬಡಿಸಿ. ಚಿರೋಟಿಯನ್ನು ಅವರವರೇ ಕೈಯಲ್ಲಿ ಪುಡಿ ಮಾಡಿಕೊಂಡು ಹಾಲು ಹಾಕಿಸಿಕೊಳ್ಳಲಿ. ಸರಿಯಾಗಿ ಪದರ ಬಿಟ್ಟಿದ್ದರೆ ಮುಷ್ಟಿ ಹಿಡಿದ ಕೂಡಲೇ ಪುಡಿಯಾಗುತ್ತದೆ, ಹಾಲು ಬಿದ್ದೊಡನೆ ನೆನೆಯುತ್ತದೆ.

ತಂಗಿಯ ಸೊಸೆ ಈ ಶನಿವಾರ ಬರುತ್ತೇನೆ ಎಂದು ಫೋನ್ ಮಾಡಿದ್ದಾಳೆ. ಬೇಸರ ಮಾಡಿಕೊಂಡಿಲ್ಲ, ಅದೇ ನನಗೆ ಖುಷಿ. ತುಪ್ಪದ ಡಬ್ಬವನ್ನು ಇವತ್ತೇ ಕಿಟಕಿಯ ಹತ್ತಿರ ತಂಪಿನಲ್ಲಿಟ್ಟಿದ್ದೇನೆ. ಅವಳು ಉಜ್ಜಲಿ. ನಾನು ಪಕ್ಕದಲ್ಲಿ ನೀರಿನ ಲೋಟ ಹಿಡಿದು ಕೂರುತ್ತೇನೆ.