ಬೆನ್ನು, ಭುಜ, ಮಣಿಕಟ್ಟು ಕೆಡದಂತೆ ದುಡಿಯುವ ಬಗೆ

ಮುಂಬಯಿಯ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಬೆನ್ನುನೋವು ಒಂದೇ ದಿನದಲ್ಲಿ ಹುಟ್ಟುವುದು ಅಪರೂಪ. ಬಗ್ಗುವುದು, ಸೊಂಟ ತಿರುಚುವುದು, ಭಾರ ಎತ್ತುವುದು ದಿನವೂ ಮರುಕಳಿಸಿ ಅದು ಬೆಳೆಯುತ್ತದೆ. ಆದ್ದರಿಂದ ಯಜಮಾನರು ಕೆಲಸದ ಜಾಗವನ್ನು ಮೊದಲು ತಿದ್ದಬೇಕು.

ಕೆಲಸಗಾರರ ಸುರಕ್ಷತೆ, ಆರೋಗ್ಯಗಳನ್ನು ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್‌ನ 1991ರ ಸೂತ್ರವು ಎಲ್ಲ ಅನುಕೂಲಗಳಿದ್ದಾಗಲೂ ಎತ್ತುವ ಭಾರಕ್ಕೆ 23 ಕಿಲೋಗಳ ಮಿತಿ ಹಾಕುತ್ತದೆ. ಹೀಗಿರುವಾಗ 50 ಕಿಲೋದ ಅಕ್ಕಿ ಮೂಟೆಯನ್ನು ಒಬ್ಬನ ಬೆನ್ನಿಗೆ ಹೊರಿಸುವುದು ಅನ್ಯಾಯವೇ ಸರಿ. ಚಿಕ್ಕ ಚೀಲಗಳನ್ನು ತರಿಸಿ, ನೆಲದ ಬದಲು ಸೊಂಟದ ಮಟ್ಟದ ಹಲಗೆಯ ಮೇಲೆ ಇರಿಸಿ, ಸಾಗಿಸಲು ಗಾಲಿಗಾಡಿ ಕೊಡಿ. ಎತ್ತಲೇಬೇಕಾದಾಗ ಭಾರವನ್ನು ಮೈಗೆ ಹತ್ತಿರ ಹಿಡಿದು, ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಬೇಕು. ತರಕಾರಿ ಹೆಚ್ಚುವ ಮೇಜು ಮೊಣಕೈಗಿಂತ ತುಸು ಕೆಳಗಿರಲಿ. ಹೆಚ್ಚುವ, ತೊಳೆಯುವ, ಬಡಿಸುವ ಕೆಲಸಗಳನ್ನು ಸರದಿಯಂತೆ ಹಂಚಿದರೆ ಒಂದೇ ಕೀಲಿನ ಮೇಲೆ ಹೊರೆ ಬೀಳುವುದಿಲ್ಲ. ಸೊಂಟಕ್ಕೆ ಬಿಗಿಯುವ ಬೆಲ್ಟು ಬೆನ್ನನ್ನು ಕಾಯುತ್ತದೆಂದು ನೆಚ್ಚಬೇಡಿ.

ಪುಣೆಯ ಹಿಂಜವಡಿಯ ಕಂಪ್ಯೂಟರ್ ಕಚೇರಿಗಳಲ್ಲಿ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿದ್ದು, ಮುಂಗೈಗೆ ಆಸರೆ ಇರಬೇಕು.

ಬೆರಳು ಜೋಮು ಹಿಡಿಯುವುದು, ರಾತ್ರಿ ಮಣಿಕಟ್ಟು ನೋಯುವುದು ಮಣಿಕಟ್ಟು ಕೆಡುತ್ತಿರುವುದರ ಮೊದಲ ಸೂಚನೆಗಳು. ಇವನ್ನು ಹೇಳಿಕೊಂಡ ಕೆಲಸಗಾರನ ಸಂಬಳ ಕಡಿಯದೆ, ಕೂಡಲೇ ಅವನ ಕೆಲಸ ಬದಲಿಸಿ ವೈದ್ಯರಲ್ಲಿಗೆ ಕಳುಹಿಸಿ.