ಕೋಮೊ ಎಸ್ತಾಸ್? ಸ್ಪ್ಯಾನಿಷ್‌ನಲ್ಲಿ ಕ್ಷೇಮ ವಿಚಾರಿಸುವುದು ಹೇಗೆ

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಮೊದಲ ಪಾಠದಲ್ಲೇ ಸಿಗುವ ವಾಕ್ಯ ‘ಕೋಮೊ ಎಸ್ತಾಸ್?’, ಅಂದರೆ ‘ಹೇಗಿದ್ದೀಯ?’. ಬಾಯಿಪಾಠ ಮಾಡಲು ಎರಡು ನಿಮಿಷ ಬೇಡ. ಆದರೆ ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿರುವ ಗೆಳೆಯನಿಗೂ ಕೊಲಂಬಿಯಾದ ಬೊಗೊಟಾದಲ್ಲಿರುವ ಹಿರಿಯ ಗ್ರಾಹಕರಿಗೂ ಇದೊಂದೇ ವಾಕ್ಯ ಹೇಳಿಬಿಟ್ಟರೆ ಒಬ್ಬರ ಹತ್ತಿರ ನಡೆಯುತ್ತದೆ, ಇನ್ನೊಬ್ಬರ ಹತ್ತಿರ ಸಲಿಗೆ ಜಾಸ್ತಿಯಾಯಿತು ಅನ್ನಿಸಿಕೊಳ್ಳುತ್ತದೆ.

ಮೊದಲು: ಏಕವಚನವೋ ಬಹುವಚನವೋ

ಈ ಲೆಕ್ಕಾಚಾರ ಕನ್ನಡಿಗರಿಗೆ ಹೊಸದಲ್ಲ. ಸಲಿಗೆಯವರಿಗೆ ‘ತು’, ಗೌರವಕ್ಕೆ ‘ಉಸ್ತೆದ್’. ಕ್ರಿಯಾಪದವೂ ಜೊತೆಗೇ ಬದಲಾಗುತ್ತದೆ: ಗೆಳೆಯನಿಗೆ ‘ಕೋಮೊ ಎಸ್ತಾಸ್?’, ಹಿರಿಯರಿಗೆ ‘ಕೋಮೊ ಎಸ್ತಾ?’. ಕೊನೆಯ ‘ಸ್’ ಒಂದು ಉದುರಿದರೆ ಗೌರವ ಬಂದಂತೆ. ತಮಾಷೆಯೆಂದರೆ ದಕ್ಷಿಣ ಸ್ಪೇನ್‌ನ ಆಂಡಲೂಸಿಯಾದಲ್ಲಿ, ಕೆರಿಬಿಯನ್ ಕಡೆಯಲ್ಲಿ ಮಾತಿನ ಭರಕ್ಕೆ ಪದದ ಕೊನೆಯ ಈ ‘ಸ್’ ಹೇಗೂ ಸರಿಯಾಗಿ ಕೇಳಿಸುವುದಿಲ್ಲ. ಆದ್ದರಿಂದ ಗೌರವ ಸ್ಪಷ್ಟವಾಗಿರಲಿ ಅಂದರೆ ಪೂರ್ತಿಯಾಗಿ ‘ಕೋಮೊ ಎಸ್ತಾ ಉಸ್ತೆದ್?’ ಎಂದೇ ಕೇಳಿ.

ಯಾರಿಗೆ ಯಾವುದು ಎಂಬುದು ಊರಿಂದ ಊರಿಗೆ ಬೇರೆ. ಸ್ಪೇನ್‌ನಲ್ಲಿ ಅಂಗಡಿಯವರೂ ಅಪರಿಚಿತ ಗಿರಾಕಿಯನ್ನು ‘ತು’ ಅನ್ನುವುದುಂಟು. ಬೊಗೊಟಾದಲ್ಲಿ ಆಪ್ತರ ನಡುವೆಯೂ ‘ಉಸ್ತೆದ್’ ಕೇಳಿಬರುತ್ತದೆ. ಅರ್ಜೆಂಟೀನಾದವರಿಗೆ ‘ತು’ ಬದಲು ‘ವೋಸ್’. ಅಲ್ಲಿ ‘ಕೋಮೊ ಅಂದಾಸ್?’ ಅಂದರೆ ಹೇಗೆ ನಡೀತಿದೆ ಎಂದು. ಹಲವರನ್ನು ಒಟ್ಟಿಗೆ ಕೇಳುವಾಗ ಲ್ಯಾಟಿನ್ ಅಮೆರಿಕದಲ್ಲಿ ‘ಕೋಮೊ ಎಸ್ತಾನ್?’, ಸ್ಪೇನ್‌ನ ಬಹುಭಾಗದಲ್ಲಿ ಗೆಳೆಯರ ಗುಂಪಿಗೆ ‘ಕೋಮೊ ಎಸ್ತಾಯ್ಸ್?’.

ಇಷ್ಟೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ ಅನ್ನುವವರು ‘ಕೆ ತಾಲ್?’ (ಹೇಗಿದೆ?) ಒಂದನ್ನು ಕಲಿತರೆ ಸಾಕು. ಅದರಲ್ಲಿ ಕ್ರಿಯಾಪದವೇ ಇಲ್ಲ, ಹಾಗಾಗಿ ನೀನು-ನೀವು ತಾಪತ್ರಯವೂ ಇಲ್ಲ. ನನ್ನನ್ನು ಕೇಳಿದರೆ ಪಾಠ ಶುರುವಾಗಬೇಕಾದದ್ದೇ ಇದರಿಂದ.

ಉಚ್ಚಾರ, ಬರವಣಿಗೆ

ಇಲ್ಲಿ ನಮಗೆ ಅನುಕೂಲ ಜಾಸ್ತಿ. ಸ್ಪ್ಯಾನಿಷ್‌ನ ತಕಾರ ನಮ್ಮ ‘ತ’ದ ಹಾಗೆ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥದ್ದು, ಇಂಗ್ಲಿಷ್ ಅಭ್ಯಾಸದಲ್ಲಿ ‘ಎಸ್ಟಾಸ್’ ಅನ್ನಬೇಡಿ. ಒತ್ತು ‘ಕೋ’ ಮೇಲೆ ಮತ್ತು ‘ತಾ’ ಮೇಲೆ. ಬರೆಯುವಾಗ ವಾಕ್ಯದ ಆರಂಭದಲ್ಲೂ ತಲೆಕೆಳಗಾದ ಪ್ರಶ್ನೆಚಿಹ್ನೆ (¿) ಹಾಕಬೇಕು. ಸ್ಪೇನ್‌ನ ರಾಯಲ್ ಅಕಾಡೆಮಿ 1754ರಲ್ಲಿ ಮಾಡಿದ ನಿಯಮ ಇದು. ವಾಟ್ಸ್‌ಆ್ಯಪ್‌ನಲ್ಲಿ ಅವರೇ ಹಾಕುವುದಿಲ್ಲ, ಆಫೀಸ್ ಮೇಲ್‌ನಲ್ಲಿ ಮಾತ್ರ ಬಿಡಬೇಡಿ.

ಎಡವುವುದು ಇಲ್ಲಿ

‘ಇರು’ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾಪದ: ಸೆರ್ ಮತ್ತು ಎಸ್ತಾರ್. ಸ್ವಭಾವಕ್ಕೆ ಸೆರ್, ಸದ್ಯದ ಸ್ಥಿತಿಗೆ ಎಸ್ತಾರ್. ಕ್ಷೇಮ ವಿಚಾರಿಸಲು ಬೇಕಾದದ್ದು ಎರಡನೆಯದು. ‘ಕೋಮೊ ಎಸ್ತಾ ತು ಮಮಾ?’ (ನಿನ್ನ ಅಮ್ಮ ಹೇಗಿದ್ದಾರೆ? ಇಲ್ಲಿ ‘ತು’ ಅಂದರೆ ‘ನಿನ್ನ’) ಎಂದು ಕೇಳಿದರೆ ‘ಅಮ್ಮ ಆರಾಮ, ಮಂಡಿನೋವು ಸ್ವಲ್ಪ ಕಡಿಮೆ’ ಎಂಬಂಥ ಉತ್ತರ ಬರುತ್ತದೆ. ಅದೇ ಸೆರ್‌ನ ರೂಪವಾದ ‘ಎಸ್’ ಹಾಕಿ ‘ಕೋಮೊ ಎಸ್ ತು ಮಮಾ?’ ಅಂದಿರೋ, ‘ಕುಳ್ಳಗಿದ್ದಾರೆ, ಮುಂಗೋಪಿ, ಬಲು ಮಾತುಗಾತಿ’ ಎಂದು ವರ್ಣನೆ ಶುರುವಾಗುತ್ತದೆ. ಇನ್ನೊಂದು ಎಚ್ಚರ: ಪುಸ್ತಕದಲ್ಲಿ ತಾಯಿಗೆ ‘ಮಾದ್ರೆ’ ಎಂದಿರುತ್ತದೆ. ಮೆಕ್ಸಿಕೊದಲ್ಲಿ ಆ ಪದ ಬೈಗುಳಗಳಲ್ಲಿ ಸಿಕ್ಕಿಕೊಂಡಿರುವುದರಿಂದ ಇನ್ನೊಬ್ಬರ ತಾಯಿಯ ಬಗ್ಗೆ ಕೇಳುವಾಗ ‘ಮಮಾ’ ಎನ್ನುವುದೇ ಕ್ಷೇಮ.

ಉತ್ತರದಲ್ಲೂ ಗುಂಡಿಯಿದೆ. ‘ಚೆನ್ನಾಗಿದ್ದೇನೆ’ ಅನ್ನಲು ‘ಎಸ್ತೊಯ್ ಬಿಯೆನ್’. ಅದರ ಬದಲು ‘ಎಸ್ತೊಯ್ ಬುಎನೊ’ ಅಂದರೆ ‘ನಾನು ನೋಡೋಕೆ ಸಖತ್ತಾಗಿದ್ದೀನಿ’ ಎಂಬ ಅರ್ಥ ಬಂದು ಎದುರಿನವರು ನಗುತ್ತಾರೆ.

ಉತ್ತರ ಕೊಟ್ಟು ಸುಮ್ಮನಾಗಬೇಡಿ

‘ಬಿಯೆನ್, ಗ್ರಾಸಿಯಾಸ್’ ಎಂದು ನಿಲ್ಲಿಸಿದರೆ ಮಾತು ಕತ್ತರಿಸಿದಂತೆ. ‘ಇ ತು?’ (ನೀನು?) ಅಥವಾ ‘ಇ ಉಸ್ತೆದ್?’ (ನೀವು?) ಸೇರಿಸಲೇಬೇಕು. ಅವರು ‘ರೆಗುಲಾರ್’ ಅಂದರೆ ಎಲ್ಲ ಮಾಮೂಲು ಎಂದುಕೊಂಡು ಮುಂದೆ ಹೋಗಬೇಡಿ. ಅಷ್ಟಕ್ಕಷ್ಟೇ, ಅಷ್ಟೇನೂ ಚೆನ್ನಾಗಿಲ್ಲ ಎಂದರ್ಥ. ಏನಾಯಿತು ಎಂದು ಕೇಳುವ ಜಾಗ ಅದು. ಸ್ಪೇನ್‌ನವರು ‘ತಿರಾಂದೊ’ ಅನ್ನುವುದುಂಟು, ನಮ್ಮ ‘ಹೆಂಗೋ ಎಳೀತಿದ್ದೀವಿ’ ತರಹ. ನಂತರ ನಾವು ಕೇಳುವ ‘ಮನೇಲೆಲ್ಲ ಹೇಗಿದ್ದಾರೆ?’ಗೆ ಅಲ್ಲೂ ಧಾರಾಳ ಜಾಗವಿದೆ: ‘ಇ ಲಾ ಫಮಿಲಿಯಾ, ಕೆ ತಾಲ್?’

ಕಾಯಿಲೆ ಬಿದ್ದವರನ್ನು ಹೀಗೆ ಹಗುರಾಗಿ ಕೇಳುವಂತಿಲ್ಲ. ಅವರಿಗೆ ‘ಕೋಮೊ ತೆ ಎಂಕ್ವೆಂತ್ರಾಸ್?’, ಗೌರವದಿಂದಾದರೆ ‘ಕೋಮೊ ಸೆ ಎಂಕ್ವೆಂತ್ರಾ?’. ಮೆಕ್ಸಿಕೊ, ಕೊಲಂಬಿಯಾ ಕಡೆ ಚೇತರಿಸಿಕೊಳ್ಳುತ್ತಿರುವವರನ್ನು ‘ಕೋಮೊ ಸಿಗೆ?’ ಎಂದು ಕೇಳುತ್ತಾರೆ, ಈಗ ಹೇಗಿದೆ ಎಂಬ ಅರ್ಥದಲ್ಲಿ. ಹೊರಡುವಾಗ ‘ಕೆ ತೆ ಮೆಹೋರೆಸ್’, ಹಿರಿಯರಿಗೆ ‘ಕೆ ಸೆ ಮೆಹೋರೆ’: ಬೇಗ ಗುಣವಾಗಲಿ. ‘ಕೆ ತೆ ಪಾಸಾ?’ ಎಂಬುದನ್ನು ಮಾತ್ರ ಮೆತ್ತಗೆ ಬಳಸಿ. ದನಿ ಸ್ವಲ್ಪ ಏರಿದರೂ ‘ಏನಾಗಿದೆ ನಿನಗೆ?’ ಎಂದು ಗದರಿದ ಹಾಗೆ ಕೇಳಿಸುತ್ತದೆ.

ಮೆಕ್ಸಿಕೊದ ‘ಕೆ ಓಂದಾ?’, ಕೊಲಂಬಿಯಾದ ‘ಕೆ ಮಾಸ್?’ ಇವೆಲ್ಲ ಗೆಳೆಯರ ಕಟ್ಟೆಮಾತು. ಅವರು ನಿಮ್ಮೊಂದಿಗೆ ಬಳಸಿದ ಮೇಲೆ ನೀವೂ ಬಳಸಿ. ಬೆಂಗಳೂರಿನ ಆಫೀಸಿನಿಂದ ಮೇಲ್ ಬರೆಯುವವರಿಗೆ ‘ಎಸ್ಪೆರೊ ಕೆ ಸೆ ಎಂಕ್ವೆಂತ್ರೆ ಬಿಯೆನ್’ (ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ) ಸಾಕಾಗುತ್ತದೆ. ಫೋನ್ ಇಡುವ ಮುಂಚೆ ಮನೆಯವರಿಗೆ ಕೇಳಿದೆ ಅಂತ ಹೇಳಬೇಕಾದರೆ ಗೆಳೆಯರಿಗೆ ‘ಸಲೂದೊಸ್ ಆ ತು ಫಮಿಲಿಯಾ’, ಗೌರವದವರಿಗೆ ‘ತು’ ಜಾಗದಲ್ಲಿ ‘ಸು’.