ಬೆಳಗಿನ ಜಾವದ ಟ್ಯಾಪೆಟ್ ಸದ್ದು: ದಪ್ಪ ಆಯಿಲ್ ಬಿಟ್ಟ ಮೇಲೆ ನಿಂತಿತು

ನನ್ನದು ಏರ್‌ಪೋರ್ಟ್ ಟ್ಯಾಕ್ಸಿ. ಡಿಸೆಂಬರ್ ಬಂತೆಂದರೆ ಚಿಕ್ಕಬಳ್ಳಾಪುರದಲ್ಲಿ ಬೆಳಗಿನ ಜಾವ 13 ಡಿಗ್ರಿ ಆಸುಪಾಸು ಇರುತ್ತದೆ. ನಾಲ್ಕು ಗಂಟೆಗೆ ಸ್ಟಾರ್ಟ್ ಮಾಡಿದರೆ ಹತ್ತು ಹನ್ನೆರಡು ಸೆಕೆಂಡ್ ಕಟಕಟ ಅಂತ ಟ್ಯಾಪೆಟ್ (ಇಂಜಿನ್ ಮೇಲ್ಭಾಗದಲ್ಲಿ ವಾಲ್ವ್ ತೆರೆಯಲು ಒತ್ತುವ ಭಾಗ) ಸದ್ದು. ಬಿಸಿಯಾದ ಮೇಲೆ ಏನೂ ಇಲ್ಲ. ಡೀಸೆಲ್ ಗಾಡಿ, ಹೈಡ್ರಾಲಿಕ್ ಟ್ಯಾಪೆಟ್ (ಆಯಿಲ್ ಒತ್ತಡದಿಂದ ತಾನೇ ಗ್ಯಾಪ್ ತುಂಬಿಕೊಳ್ಳುವಂಥದ್ದು), ಆಗ 1,80,000 ಕಿ.ಮೀ. ಓಡಿತ್ತು.

"ಹಳೇ ಇಂಜಿನ್ ಅಣ್ಣ, ದಪ್ಪ ಆಯಿಲ್ ಹಾಕ್ಸಿ" ಎಂದರು ಮೇಸ್ತ್ರಿ. 15ಡಬ್ಲ್ಯು-40 ತೆಗೆಸಿ 20ಡಬ್ಲ್ಯು-50 ಹಾಕಿಸಿದೆ (ಮೊದಲ ಅಂಕಿ ಚಿಕ್ಕದಾದಷ್ಟು ತಣ್ಣಗಿದ್ದಾಗ ಆಯಿಲ್ ತೆಳು, ಕೊನೆಯ ಅಂಕಿ ದೊಡ್ಡದಾದಷ್ಟು ಬಿಸಿಯಲ್ಲಿ ದಪ್ಪ). ಫಿಲ್ಟರ್ ಸೇರಿ 1,500 ಆಯಿತು. ಸದ್ದು ಇಪ್ಪತ್ತು ಸೆಕೆಂಡ್ ದಾಟಿತು! ಆಮೇಲೆ ಆಯಿಲ್‌ಗೆ ಬೆರೆಸುವ ಅಡಿಟಿವ್, 450 ರೂಪಾಯಿಯ ಒಂದು ಡಬ್ಬಿ ಸುರಿದೆ. ನಾಲ್ಕು ದಿನ ಕಡಿಮೆಯಾದ ಹಾಗಿತ್ತು, ಮತ್ತೆ ಅದೇ ಕಥೆ. ಕೊನೆಗೆ ಟ್ಯಾಪೆಟ್ ಸೆಟ್ಟೇ ಬದಲಿಸಬೇಕು, 16,000 ಆಗುತ್ತದೆ ಎಂದರು. ಅಲ್ಲಿ ನಾನು ನಿಂತೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಎರಡು ನೀರಿನ ಬಾಟಲಿ, ಒಂದರಲ್ಲಿ 20ಡಬ್ಲ್ಯು-50, ಇನ್ನೊಂದರಲ್ಲಿ 5ಡಬ್ಲ್ಯು-30. ರಾತ್ರಿಯೆಲ್ಲ ಮಾಳಿಗೆ ಮೇಲೆ ಇಟ್ಟು, ಬೆಳಿಗ್ಗೆ ಸೈಕಲ್ ಪೆಡಲ್‌ನ ಸಣ್ಣ ಬಾಲ್ಸ್ ಹಾಕಿದೆ. ತೆಳು ಆಯಿಲ್‌ನಲ್ಲಿ ಒಂದೇ ಸೆಕೆಂಡಿಗೆ ತಳ ಮುಟ್ಟಿತು. ದಪ್ಪದರಲ್ಲಿ ಮೂರು ಸೆಕೆಂಡ್ ಹಿಡಿಯಿತು. ತಣ್ಣಗಿದ್ದಾಗ ಇಷ್ಟು ನಿಧಾನ ಹರಿಯುವುದು ಮೇಲಿನ ಟ್ಯಾಪೆಟ್‌ವರೆಗೆ ಬೇಗ ಹತ್ತುವುದು ಹೇಗೆ?

5ಡಬ್ಲ್ಯು-30 ಹಾಕುತ್ತೇನೆ ಎಂದಾಗ ಸ್ಟ್ಯಾಂಡಿನಲ್ಲಿ ಎಲ್ಲರೂ ಬೇಡ ಎಂದರು. "ನೀರು ಹಾಕಿದ ಹಾಗೆ, ಬೇರಿಂಗ್ ಹೋಗುತ್ತೆ" ಅಂತ. ಆದರೆ ಕಂಪನಿ ಪುಸ್ತಕದಲ್ಲಿ ಇರುವುದೇ 5ಡಬ್ಲ್ಯು-30 ಮತ್ತು 5ಡಬ್ಲ್ಯು-40. ಹಾಕಿಸಿದೆ, 2,200 ಆಯಿತು. ಸದ್ದು ಆರು ಸೆಕೆಂಡಿಗೆ ಇಳಿಯಿತು. ಪೂರ್ತಿ ನಿಲ್ಲಲಿಲ್ಲ. 5,000 ಕಿ.ಮೀ.ಗೆ ಅರ್ಧ ಲೀಟರ್ ಆಯಿಲ್ ಕಡಿಮೆಯೂ ಆಯಿತು.

ಉಳಿದ ಆರು ಸೆಕೆಂಡಿಗೆ ಕಾರಣ ಫಿಲ್ಟರ್. ಅಗ್ಗದ್ದನ್ನು ಹಾಕಿದ್ದರು, 120 ರೂಪಾಯಿಯದು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ವಾಲ್ವ್ ಗಟ್ಟಿಯಾಗಿ ಸೊಟ್ಟಗಾಗಿತ್ತು. ರಾತ್ರಿ ಫಿಲ್ಟರ್‌ನಲ್ಲಿ ನಿಲ್ಲಬೇಕಾದ ಆಯಿಲೆಲ್ಲ ಇಂಜಿನ್ ತಳದ ಸಂಪ್‌ಗೆ ಇಳಿದುಬಿಡುತ್ತಿತ್ತು. ಒರಿಜಿನಲ್ ಫಿಲ್ಟರ್ 350 ಕೊಟ್ಟು ತಂದು, ಜೊತೆಗೆ 5ಡಬ್ಲ್ಯು-40 ಹಾಕಿದೆ. ತಣ್ಣಗಿದ್ದಾಗ ಬೇಗ ಹರಿಯುತ್ತದೆ, ಹೆದ್ದಾರಿಯಲ್ಲಿ ಬಿಸಿಯಾದಾಗ 30ಕ್ಕಿಂತ ದಪ್ಪ ಉಳಿಯುತ್ತದೆ. ಫಿಲ್ಟರ್ ಕೂರಿಸುವ ಮೊದಲು ನಾನು ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ. ಅದು ನನ್ನಲ್ಲೇ ಇರಲಿ.

ಈಗ ಎರಡು ಸೆಕೆಂಡ್ ಕೂಡ ಸದ್ದಿಲ್ಲ. ಹಳೇದು ಹೊಸದು ಎರಡೂ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ. ಅದಾದ ಮೇಲೆ 40,000 ಕಿ.ಮೀ. ದಾಟಿತು, ಆಯಿಲ್ ಇಳಿಯುವುದೂ ನಿಂತಿದೆ. ಬೇಡ ಎಂದವರಲ್ಲೇ ಮೂವರು ಈಗ ನನ್ನ ಹತ್ತಿರ ಕೇಳಿಕೊಂಡು ಹೋಗಿ ಇದನ್ನೇ ಹಾಕಿಸಿದ್ದಾರೆ.

ಆದರೆ ಪಕ್ಕದ ಮನೆಯ ಹಳೇ ಪೆಟ್ರೋಲ್ ವ್ಯಾನ್‌ಗೆ ಇದೇ ಮಾಡಲು ಹೋಗಿ ಕೈ ಸುಟ್ಟುಕೊಂಡೆ. ಅದು ಸ್ಕ್ರೂ ಟ್ಯಾಪೆಟ್, ಗ್ಯಾಪ್ ಕೈಯಲ್ಲೇ ಹೊಂದಿಸಬೇಕು. ತೆಳು ಆಯಿಲ್‌ಗೆ ಸದ್ದು ಒಂದಿಷ್ಟೂ ಇಳಿಯಲಿಲ್ಲ, ಜೊತೆಗೆ ಇಂಜಿನ್ ಹಿಂಭಾಗದ ಆಯಿಲ್ ಸೀಲ್ ಸೋರಲು ಶುರುವಾಯಿತು. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ತಗಡು) ಇಟ್ಟು ಗ್ಯಾಪ್ ಸರಿ ಮಾಡಿದ ಮೇಲೆ ಸದ್ದು ಹೋಯಿತು. ಸೀಲ್‌ಗೆ 900 ನಾನೇ ಕೊಟ್ಟೆ.